ಯಾಶಿಕಾ: ಹೆಸರಿನ ಹುಟ್ಟು, ಲೆನ್ಸುಗಳ ಹಿಂದಿದ್ದ ಕೈಗಳು – ಪದೇ ಪದೇ ಕೇಳುವ ಪ್ರಶ್ನೆಗಳು

ಅಟ್ಟದ ಮೇಲಿನ ಟ್ರಂಕಿನಲ್ಲೋ, ಬಾಗಿಲು ಮುಚ್ಚಿದ ಸ್ಟುಡಿಯೊ ಒಂದರ ಕಪಾಟಿನಲ್ಲೋ, ಭಾನುವಾರದ ಗುಜರಿ ಸಂತೆಯಲ್ಲೋ ಒಂದು ಹಳೆಯ ಯಾಶಿಕಾ ಕ್ಯಾಮೆರಾ ಸಿಕ್ಕವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಇದನ್ನು ಮಾಡಿದವರು ಯಾರು, ಲೆನ್ಸು ಜರ್ಮನಿಯದೇ, ಕಂಪನಿ ಈಗಲೂ ಇದೆಯೇ ಎಂಬ ಮೂರು ಪ್ರಶ್ನೆಗಳಂತೂ ತಪ್ಪುವುದಿಲ್ಲ. ಯಾಶಿಕಾದ ಮಟ್ಟಿಗೆ ಈ ಮೂರಕ್ಕೂ ಒಂದೇ ಮಾತಿನ ಉತ್ತರ ಸಿಗುವುದಿಲ್ಲ, ಏಕೆಂದರೆ ಆ ಹೆಸರನ್ನು ಹೊತ್ತ ವಸ್ತುಗಳನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕೈಗಳು ಮಾಡಿವೆ. ಆದ್ದರಿಂದ ಇಲ್ಲಿ ಫೋಟೊ ತೆಗೆಯುವ ವಿಧಾನಕ್ಕಿಂತ ಹೆಸರಿನ ಚರಿತ್ರೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಯಾಶಿಕಾ ಎಂಬ ಪದಕ್ಕೆ ಅರ್ಥವಿದೆಯೇ?

ಇಡೀ ಪದಕ್ಕೆ ಜಪಾನಿ ಭಾಷೆಯಲ್ಲಿ ಅರ್ಥವಿಲ್ಲ. ಅದು ಕಟ್ಟಿದ ಪದ. ಮೊದಲ ಭಾಗ ಕಂಪನಿಯ ಮೂಲ ಹೆಸರಾದ ‘ಯಾಶಿಮಾ’ದಿಂದ ಬಂದದ್ದು. ಕೊನೆಯ ‘ಕಾ’ ಕ್ಯಾಮೆರಾ ಎಂಬುದರ ಮೊದಲಕ್ಷರ. ಜರ್ಮನಿಯ ಲೈಟ್ಸ್ ಕಂಪನಿಯ ಕ್ಯಾಮೆರಾ ಲೈಕಾ ಆದ ಮೇಲೆ ಜಗತ್ತಿನ ಎಷ್ಟೋ ಕ್ಯಾಮೆರಾಗಳ ಹೆಸರು ‘ಕಾ’ ಎಂದೇ ಮುಗಿಯತೊಡಗಿದವು, ಯಾಶಿಕಾವೂ ಆ ಸಾಲಿಗೆ ಸೇರಿದ್ದು. ಯಾಶಿಮಾ ಎಂದರೆ ಎಂಟು ದ್ವೀಪಗಳು. ಜಪಾನಿನ ಪುರಾತನ ಗ್ರಂಥಗಳು ಆ ದೇಶವನ್ನು ಮಹಾ ಎಂಟು ದ್ವೀಪಗಳ ನಾಡು ಎಂದು ಕರೆಯುತ್ತವೆ. ನಮ್ಮಲ್ಲಿ ಜಂಬೂದ್ವೀಪ ಎಂದಂತೆ ಅದು ದೇಶಕ್ಕಿರುವ ಹಳೆಯ, ಕಾವ್ಯದ ಹೆಸರು. ಕಂಪನಿ ಶುರುವಾದಾಗ ಅದರಲ್ಲಿದ್ದ ಕೆಲಸಗಾರರೂ ಎಂಟೇ ಮಂದಿ ಎಂಬುದು ಬರಿಯ ಕಾಕತಾಳೀಯವಿರಬಹುದು, ಆದರೂ ನನಗೆ ಅದನ್ನು ಹೇಳದೆ ಬಿಡಲಾಗುವುದಿಲ್ಲ.

ಕಂಪನಿ ಎಲ್ಲಿ ಹುಟ್ಟಿತು?

1949ರ ಡಿಸೆಂಬರಿನಲ್ಲಿ, ಜಪಾನಿನ ನಡುಭಾಗದ ನಾಗಾನೊ ಪ್ರಾಂತ್ಯದ ಸುವಾ ಸರೋವರದ ಸೀಮೆಯಲ್ಲಿ. ಉಶಿಯಾಮಾ ಯೊಶಿಮಾಸಾ ಎಂಬವರು ತಮ್ಮ ಸಹೋದರರ ಜೊತೆಗೂಡಿ, 566 ಡಾಲರಿಗೆ ಸಮನಾದ ಬಂಡವಾಳ ಹಾಕಿ ಯಾಶಿಮಾ ಸೈಕಿ ಎಂಬ ಸಣ್ಣ ಕಾರ್ಖಾನೆ ತೆರೆದರು. ಸೈಕಿ ಎಂದರೆ ಸೂಕ್ಷ್ಮ ಯಂತ್ರ. ಅಲ್ಲಿ ಮೊದಲು ತಯಾರಾದದ್ದು ವಿದ್ಯುತ್ ಗಡಿಯಾರದ ಬಿಡಿಭಾಗಗಳು, ಕ್ಯಾಮೆರಾದ ಮಾತೇ ಆಗ ಇರಲಿಲ್ಲ.

ಈ ಜಾಗದ ಬಗ್ಗೆ ಒಂದಿಷ್ಟು ಹೇಳಬೇಕು. ಸುವಾ ಮತ್ತು ಪಕ್ಕದ ಒಕಾಯಾ ಒಂದು ಕಾಲಕ್ಕೆ ರೇಷ್ಮೆ ನೂಲು ತೆಗೆಯುವ ಊರುಗಳಾಗಿದ್ದವು. ರೇಷ್ಮೆಯ ವ್ಯಾಪಾರ ಕುಸಿದ ಮೇಲೆ, ಎರಡನೇ ಮಹಾಯುದ್ಧದ ದಿನಗಳಲ್ಲಿ, ದೊಡ್ಡ ನಗರಗಳ ಮೇಲೆ ಬೀಳುತ್ತಿದ್ದ ಬಾಂಬುಗಳಿಂದ ದೂರವಿರಲು ಹಲವು ಸೂಕ್ಷ್ಮ ಯಂತ್ರಗಳ ಕಾರ್ಖಾನೆಗಳು ಬೆಟ್ಟಗಳ ನಡುವಿನ ಈ ಸೀಮೆಗೆ ಬಂದು ನೆಲೆಯಾದವು. ಸೈಕೊ ಗಡಿಯಾರಗಳ ಕೆಲಸ ಸುವಾದಲ್ಲಿ ಬೇರೂರಿದ್ದೂ ಹೀಗೆಯೇ. ನೂಲೆಳೆಯುವುದರಲ್ಲಿ ಪಳಗಿದ್ದ ಬೆರಳುಗಳಿಗೆ ಗಡಿಯಾರದ ಹಲ್ಲುಚಕ್ರಗಳು ಕಷ್ಟವಾಗಲಿಲ್ಲ. ಗಡಿಯಾರದ ಹಲ್ಲುಚಕ್ರ ಬಲ್ಲವರಿಗೆ ಬೆಳಕನ್ನು ಕ್ಷಣಕಾಲ ಒಳಬಿಡುವ ಕ್ಯಾಮೆರಾದ ಶಟರ್ ಬಹಳ ದೂರದ ವಸ್ತುವಾಗಲಿಲ್ಲ. ಚಿನಾನ್ ಎಂಬ ಇನ್ನೊಂದು ಕ್ಯಾಮೆರಾದ ಊರೂ ಇದೇ ನೆರೆಯ ಚಿನೊ. ಮುಂದೆ ಯಾಶಿಕಾಕ್ಕೆ ಕ್ಯಾಮೆರಾ ಒಡಲುಗಳನ್ನು ಮಾಡಿಕೊಟ್ಟ ಕೊಸಿನಾ ಕೂಡ ನಾಗಾನೊ ಪ್ರಾಂತ್ಯದ್ದೇ.

ಮೊದಲ ಕ್ಯಾಮೆರಾದ ಮೇಲೆ ಯಾಶಿಕಾ ಎಂಬ ಹೆಸರಿತ್ತೇ?

ಇರಲಿಲ್ಲ. 1953ರಲ್ಲಿ ಹೊರಬಂದ ಮೊದಲ ಪೂರ್ಣ ಕ್ಯಾಮೆರಾದ ಹೆಸರು ಪಿಜನ್‌ಫ್ಲೆಕ್ಸ್. ‘ಪಿಜನ್’ ಎಂಬುದು ಎಂಡೊ ಎಂಬ ಫೋಟೊ ಸಾಮಗ್ರಿ ವ್ಯಾಪಾರಿ ಸಂಸ್ಥೆಯ ಮುದ್ರೆ. ಅಂದರೆ, ಮುಂದೆ ಬೇರೆಯವರು ಮಾಡಿದ ಕ್ಯಾಮೆರಾಗಳಿಗೆ ತನ್ನ ಹೆಸರು ಹಚ್ಚಿ ಮಾರಿದ ಈ ಕಂಪನಿ, ತಾನು ಮಾಡಿದ ಮೊತ್ತಮೊದಲ ಕ್ಯಾಮೆರಾವನ್ನೇ ಬೇರೆಯವರ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತ್ತು. ಅದೇ ವರ್ಷ ಸ್ವಂತ ಹೆಸರಿನ ಯಾಶಿಮಾಫ್ಲೆಕ್ಸ್ ಬಂತು. ಅದರ ಬೆನ್ನಿಗೇ ಬಂದ ಯಾಶಿಕಾಫ್ಲೆಕ್ಸ್‌ನಲ್ಲಿ ‘ಮಾ’ ಹೋಗಿ ‘ಕಾ’ ಸೇರಿತು. ಇವೆಲ್ಲವೂ ಎರಡು ಲೆನ್ಸುಗಳನ್ನು ಒಂದರ ಮೇಲೊಂದು ಇಟ್ಟ ಟಿಎಲ್‌ಆರ್ ಕ್ಯಾಮೆರಾಗಳು. ಮೇಲಿನ ಕಣ್ಣು ನೋಡುವುದಕ್ಕೆ, ಕೆಳಗಿನದು ಚಿತ್ರ ತೆಗೆಯುವುದಕ್ಕೆ. ಜರ್ಮನಿಯ ರೊಲೈಫ್ಲೆಕ್ಸ್ ಅವುಗಳ ಮಾದರಿ ಎಂಬುದನ್ನು ಮುಚ್ಚಿಡುವ ಪ್ರಯತ್ನವೇನೂ ನಡೆಯಲಿಲ್ಲ. ಹೆಸರಿನ ಬಾಲದಲ್ಲಿರುವ ‘ಫ್ಲೆಕ್ಸ್’ ಕೂಡ ಅಲ್ಲಿಂದಲೇ ಬಂದದ್ದು.

ಉತ್ಪನ್ನದ ಹೆಸರು ಕಂಪನಿಗಿಂತ ಹೆಚ್ಚು ಪ್ರಸಿದ್ಧವಾದಾಗ ಕಂಪನಿಯೇ ತನ್ನ ಹೆಸರನ್ನು ಬದಲಾಯಿಸಿಕೊಳ್ಳುವುದು ವ್ಯಾಪಾರದಲ್ಲಿ ಹೊಸತಲ್ಲ. 1958ರಲ್ಲಿ ಯಾಶಿಮಾ ಅಧಿಕೃತವಾಗಿ ಯಾಶಿಕಾ ಕಂಪನಿಯಾಯಿತು.

ಅದೇ ವರ್ಷ ಯಾಶಿಕಾ ಕೊಂಡ ನಿಕ್ಕಾ ಕಂಪನಿ ಯಾವುದು?

ಲೈಕಾದ ಪಡಿಯಚ್ಚಿನಂಥ ರೇಂಜ್‌ಫೈಂಡರ್ (ಲೆನ್ಸಿನ ಮೂಲಕವಲ್ಲದೆ ಬೇರೆ ಕಿಂಡಿಯಿಂದ ನೋಡಿ ದೂರ ಹೊಂದಿಸುವ) ಕ್ಯಾಮೆರಾಗಳನ್ನು ಮಾಡುತ್ತಿದ್ದ ಟೋಕಿಯೊದ ಸಂಸ್ಥೆ. ಅದನ್ನು ಕೊಂಡದ್ದರಿಂದ ಯಾಶಿಕಾಕ್ಕೆ 35 ಮಿಮೀ ಕ್ಯಾಮೆರಾದ ಶಟರ್ ವಿದ್ಯೆ ಕೈಗೆ ಬಂತು. 1959ರ ಸುಮಾರಿಗೆ ಬಂದ ಯಾಶಿಕಾ ವೈಇ ಮತ್ತು ವೈಎಫ್ ಎಂಬೆರಡು ಮಾದರಿಗಳು ಹೆಚ್ಚುಕಡಿಮೆ ಹೆಸರು ಬದಲಿಸಿದ ನಿಕ್ಕಾಗಳೇ. ಈಗ ಅವು ಸಂಗ್ರಾಹಕರ ಪೆಟ್ಟಿಗೆಯಲ್ಲಿ ಮಾತ್ರ ಸಿಗುತ್ತವೆ.

ಕ್ಯಾಮೆರಾ ಯಾಶಿಕಾ, ಆದರೆ ಲೆನ್ಸಿನ ಮೇಲೆ ಯಾಶಿನಾನ್, ಯಾಶಿಕೋರ್, ಲುಮಾಕ್ಸರ್ ಎಂದೆಲ್ಲ ಇದೆ. ಇವು ಬೇರೆ ಕಂಪನಿಗಳೇ?

ಅಲ್ಲ. ಕ್ಯಾಮೆರಾಕ್ಕೊಂದು, ಲೆನ್ಸಿಗೊಂದು ಹೆಸರಿಡುವುದು ಆ ಕಾಲದ ಜಪಾನಿ ಕಂಪನಿಗಳ ರೂಢಿ, ಅದನ್ನು ಅವರು ಜರ್ಮನರಿಂದ ಕಲಿತದ್ದು. ನಿಪ್ಪಾನ್ ಕೊಗಾಕು (ಇಂದಿನ ನಿಕಾನ್) ತನ್ನ ಲೆನ್ಸುಗಳನ್ನು ನಿಕ್ಕೋರ್ ಎಂದಿತು. ಮಿನೋಲ್ಟಾ ತನ್ನ ಕಾರ್ಖಾನೆಯ ಹತ್ತಿರದ ರೊಕ್ಕೊ ಬೆಟ್ಟದ ಹೆಸರನ್ನು ಹಿಡಿದು ರೊಕ್ಕೋರ್ ಎಂದಿತು. ಒಲಿಂಪಸ್‌ನ ಲೆನ್ಸು ಝುಯಿಕೊ. ನಮಗೆ ತೀರ ಹತ್ತಿರದ ಉದಾಹರಣೆಯೆಂದರೆ ಕ್ಯಾನನ್‌ನದು: 1934ರಲ್ಲಿ ಆ ಸಂಸ್ಥೆಯ ಸ್ಥಾಪಕರು ಕರುಣೆಯ ಬೋಧಿಸತ್ತ್ವನ ಹೆಸರಿನಲ್ಲಿ ಕ್ವಾನೊನ್ ಎಂಬ ಪ್ರಾಯೋಗಿಕ ಕ್ಯಾಮೆರಾ ಮಾಡಿದಾಗ ಅದರ ಲೆನ್ಸನ್ನು ಬುದ್ಧನ ಶಿಷ್ಯ ಮಹಾಕಾಶ್ಯಪನ ನೆನಪಿನಲ್ಲಿ ಕಾಶ್ಯಪ ಎಂದು ಕರೆದಿದ್ದರು.

ಯಾಶಿಕಾ ಅಷ್ಟು ದೂರ ಹೋಗಲಿಲ್ಲ. ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ಲೆನ್ಸು ಲೋಕದಲ್ಲಿ ಆಗಲೇ ಚಾಲ್ತಿಯಲ್ಲಿದ್ದ ‘ಕೋರ್’, ‘ನಾನ್’ ಎಂಬ ಬಾಲಗಳನ್ನು ಸೇರಿಸಿ ಮುಗಿಸಿತು. ಈ ಬಾಲಗಳಿಂದ ಕೊಳ್ಳುವವರಿಗೆ ಒಂದು ನಿಜವಾದ ಪ್ರಯೋಜನವಿದೆ. ಟಿಎಲ್‌ಆರ್ ಕ್ಯಾಮೆರಾಗಳಲ್ಲಿ ಯಾಶಿಕೋರ್ ಎಂದಿದ್ದರೆ ಅದು ಮೂರು ಗಾಜುಗಳ, ಅಗ್ಗದ ರಚನೆ. ಯಾಶಿನಾನ್ ಎಂದಿದ್ದರೆ ಜರ್ಮನಿಯ ಲೆನ್ಸು ಕಂಪನಿ ಕಾರ್ಲ್ ಝೈಸ್‌ನ ಟೆಸ್ಸಾರ್ ಮಾದರಿಯ, ನಾಲ್ಕು ಗಾಜುಗಳ ರಚನೆ. ಮೂರು ಗಾಜಿನದು ಅಪರ್ಚರ್ (ಬೆಳಕು ಬರುವ ಕಿಂಡಿ) ಪೂರ್ತಿ ತೆರೆದಾಗ ಚಿತ್ರದ ಮೂಲೆಗಳಲ್ಲಿ ಮಸುಕಾಗುತ್ತದೆ, ಕಿಂಡಿಯನ್ನು ಎಫ್ 8ಕ್ಕೆ ಕಿರಿದುಮಾಡುವ ಹೊತ್ತಿಗೆ ಎರಡಕ್ಕೂ ವ್ಯತ್ಯಾಸ ಕಂಡುಹಿಡಿಯುವುದು ಸುಲಭವಲ್ಲ. ಮುಖದ ಚಿತ್ರಕ್ಕೆ ಯಾಶಿಕೋರ್‌ನ ಆ ಮಸುಕೇ ಚಂದ ಎನ್ನುವವರಿದ್ದಾರೆ, ನಾನೂ ಅವರಲ್ಲಿ ಒಬ್ಬ.

ಲುಮಾಕ್ಸರ್ ಎಂಬುದು 1957ರ ಮೊದಲ ಯಾಶಿಕಾ-ಮ್ಯಾಟ್ ಟಿಎಲ್‌ಆರ್ ಕ್ಯಾಮೆರಾಗಳಲ್ಲಿ ಕಾಣುವ ಹೆಸರು. ಅದು ಪಶ್ಚಿಮ ಜರ್ಮನಿಯಲ್ಲಿ ತಯಾರಾದ ಲೆನ್ಸು ಎಂಬ ಮಾತು ಸಂಗ್ರಾಹಕರ ನಡುವೆ ದಶಕಗಳಿಂದ ಓಡಾಡುತ್ತಿದೆ, ಮಾರುವವರಂತೂ ಅದನ್ನು ಬಲು ಪ್ರೀತಿಯಿಂದ ಹೇಳುತ್ತಾರೆ. ನಾನು ಅದನ್ನು ನಂಬುವುದಿಲ್ಲ. ಲೆನ್ಸಿಗಾಗಿ ನೆಚ್ಚಿಕೊಳ್ಳಬಹುದಾದ ಸಮರ್ಥ ಕಾರ್ಖಾನೆ ಜಪಾನಿನಲ್ಲೇ ಇದ್ದಾಗ ದುಬಾರಿ ಜರ್ಮನ್ ಗಾಜನ್ನು ತರಿಸಿ, ಅಗ್ಗದ ಕ್ಯಾಮೆರಾಕ್ಕೆ ಜೋಡಿಸಿ, ಅದನ್ನು ಜಾಹೀರಾತಿನಲ್ಲಿ ಕೊಚ್ಚಿಕೊಳ್ಳದೆ ಸುಮ್ಮನಿರುವ ವ್ಯಾಪಾರಿ ಇರಲಾರ.

ಹಾಗಾದರೆ ಯಾಶಿಕಾ ಲೆನ್ಸುಗಳನ್ನು ನಿಜವಾಗಿ ಮಾಡಿದವರು ಯಾರು?

ಬಹುಮಟ್ಟಿಗೆ ಟೊಮಿಯೊಕಾ. ಈ ಪುಟದಲ್ಲಿ ನೆನಪಿಡಬೇಕಾದ ಒಂದೇ ಹೆಸರೆಂದರೆ ನಾನು ಇದನ್ನೇ ಆರಿಸುತ್ತೇನೆ. 1924ರಲ್ಲಿ ಟೊಮಿಯೊಕಾ ಮಾಸಾಶಿಗೆ ಎಂಬವರು ಆರಂಭಿಸಿದ ಈ ದೃಗ್ಯಂತ್ರ ಸಂಸ್ಥೆ ಮುಂದೆ ಟೋಕಿಯೊ ಪ್ರಾಂತ್ಯದ ಪಶ್ಚಿಮ ಅಂಚಿನ ಓಮೆಯಲ್ಲಿ ನೆಲೆಯಾಯಿತು. ಯಾಶಿಮಾಫ್ಲೆಕ್ಸ್‌ನಲ್ಲಿದ್ದ ಟ್ರೈ-ಲೌಸರ್ ಲೆನ್ಸು ಟೊಮಿಯೊಕಾದ್ದು, ಆಮೇಲಿನ ಯಾಶಿನಾನ್‌ಗಳೂ ಅಲ್ಲಿಂದಲೇ ಬಂದವು. 1968ರಲ್ಲಿ ಯಾಶಿಕಾ ಆ ಸಂಸ್ಥೆಯನ್ನೇ ತನ್ನದಾಗಿಸಿಕೊಂಡಿತು.

ಟೊಮಿಯೊಕಾ ತನ್ನ ಹೆಸರನ್ನು ಮುಂದಿಟ್ಟುಕೊಂಡು ಮಾರಿದ್ದು ಕಡಿಮೆ, ಬೇರೆಯವರಿಗೆ ಮಾಡಿಕೊಟ್ಟದ್ದು ಹೆಚ್ಚು. ಅದರ 55 ಮಿಮೀ ಎಫ್ 1.2 ಲೆನ್ಸು ಒಳ್ಳೆಯ ನಿದರ್ಶನ. ಲೆನ್ಸನ್ನು ಕ್ಯಾಮೆರಾಕ್ಕೆ ಕೂಡಿಸುವ ಎಂ42 ಎಂಬ ತಿರುಪಿನ ಜೋಡಣೆಗೆ ಅಷ್ಟು ದೊಡ್ಡ ಬಾಯಿಯ ಲೆನ್ಸು ಕೂರಿಸುವುದು ಕಷ್ಟದ ಕೆಲಸ. ಅದು ಸಾಧ್ಯವಾದಾಗ ಅದೇ ಲೆನ್ಸು ಯಾಶಿನಾನ್, ಕೊಸಿನಾನ್, ರೆವ್ಯೂನಾನ್ ಎಂಬ ಬೇರೆ ಬೇರೆ ಉಂಗುರ ತೊಟ್ಟು ಬೇರೆ ಬೇರೆ ದೇಶಗಳ ಅಂಗಡಿಗಳಲ್ಲಿ ಕುಳಿತಿತು. ಕೆಲವು ಪ್ರತಿಗಳಲ್ಲಿ ಮಾತ್ರ ಮುಂದಿನ ಉಂಗುರದ ಮೇಲೆ ಟೊಮಿಯೊಕಾ ಎಂಬ ಹೆಸರು ಕೆತ್ತಿರುತ್ತದೆ, ಆ ಒಂದು ಪದಕ್ಕಾಗಿ ಸಂಗ್ರಾಹಕರು ಕೊಡುವ ಹೆಚ್ಚಿನ ಹಣ ಗಾಜಿಗೆ ಕೊಡುವುದಲ್ಲ, ಅಕ್ಷರಗಳಿಗೆ ಕೊಡುವುದು.

ಯಾಶಿಕಾ-ಮ್ಯಾಟ್ 124 ಜಿ ಎಂಬಲ್ಲಿ 124 ಮತ್ತು ಜಿ ಏನನ್ನು ಹೇಳುತ್ತವೆ?

ಇದೊಂದು ಪುಟ್ಟ ಒಗಟು. 120 ಅಳತೆಯ ರೋಲಿನಲ್ಲಿ ಚೌಕಾಕಾರದ ಚಿತ್ರಗಳು 12 ಬರುತ್ತವೆ; ಅದಕ್ಕಿಂತ ಉದ್ದದ 220 ರೋಲಿನಲ್ಲಿ 24. ಯಾಶಿಕಾ ಮೊದಲು 220 ರೋಲಿಗೆ ಯಾಶಿಕಾ-24 ಎಂದೂ, 120 ರೋಲಿಗೆ ಯಾಶಿಕಾ-12 ಎಂದೂ ಬೇರೆ ಬೇರೆ ಕ್ಯಾಮೆರಾ ಮಾಡಿತ್ತು. 1968ರಲ್ಲಿ ಎರಡನ್ನೂ ಒಂದರಲ್ಲೇ ಬಳಸಬಹುದಾದ ಕ್ಯಾಮೆರಾ ಬಂದಾಗ 12ನ್ನೂ 24ನ್ನೂ ಹೆಣೆದು 124 ಎಂದು ಹೆಸರಿಟ್ಟರು. ಎರಡು ವರ್ಷದ ಬಳಿಕ ಸೇರಿದ ‘ಜಿ’ ಚಿನ್ನದ್ದು. ಒಳಗಿನ ವಿದ್ಯುತ್ ಸಂಪರ್ಕ ಬಿಂದುಗಳಿಗೆ ಚಿನ್ನದ ಲೇಪ ಕೊಟ್ಟಿದ್ದರ ಸೂಚನೆ. ಮನೆಯಲ್ಲಿರುವ 124 ಜಿಯಿಂದ ಚಿನ್ನ ತೆಗೆಯಬಹುದೇ ಎಂದು ಒಬ್ಬರು ನನ್ನನ್ನು ಕೇಳಿದ್ದರು. ಒಂದು ಮೂಗುಬೊಟ್ಟಿಗೂ ಸಾಲದು.

1970ರಿಂದ 1986ರವರೆಗೆ ತಯಾರಾದ ಈ ಕ್ಯಾಮೆರಾ ಮತ್ತು ಅದರ ಹಿಂದಿನ ಮಾದರಿಗಳು ಕರ್ನಾಟಕದ ಊರೂರುಗಳ ಸ್ಟುಡಿಯೊಗಳಲ್ಲಿ ಇದ್ದವು. ರೊಲೈಫ್ಲೆಕ್ಸ್ ಕೊಳ್ಳುವುದು ಹೆಚ್ಚಿನವರ ಶಕ್ತಿಗೆ ಮೀರಿದ್ದು, ಯಾಶಿಕಾ ಕಷ್ಟಪಟ್ಟರೆ ಕೈಗೆಟಕುವಂಥದ್ದು. ಮದುವೆ ಮನೆಯಲ್ಲಿ ಫೋಟೊದವರು ಕ್ಯಾಮೆರಾವನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ಮೇಲಿನ ಮುಚ್ಚಳ ತೆರೆದು, ತಲೆ ತಗ್ಗಿಸಿ ಒಳಗಿನ ಮಸುಕು ಗಾಜನ್ನು ನೋಡುತ್ತಿದ್ದ ಭಂಗಿ ಒಂದು ತಲೆಮಾರಿನವರಿಗೆ ಚೆನ್ನಾಗಿ ನೆನಪಿದೆ. ಆ ಗಾಜಿನಲ್ಲಿ ಬಿಂಬ ನೆಟ್ಟಗೆ ನಿಲ್ಲುತ್ತದೆ, ಆದರೆ ಎಡಬಲ ಅದಲುಬದಲು. ವರ ಚೌಕಟ್ಟಿನ ಎಡಕ್ಕೆ ಜಾರುತ್ತಿದ್ದರೆ ಕ್ಯಾಮೆರಾವನ್ನು ಕಣ್ಣು ಹೇಳಿದ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಬೇಕು. ಹೊಸಬರು ಈ ಅಭ್ಯಾಸವಾಗುವ ತನಕ ಒಂದೆರಡು ರೋಲು ಹಾಳುಮಾಡುವುದು ಖಂಡಿತ. ಹಿಡಿಯನ್ನು ಮುಂದಕ್ಕೆ ಒಂದು ಸುತ್ತು, ಮತ್ತೆ ಹಿಂದಕ್ಕೆ ಒಂದಿಷ್ಟು ತಿರುಗಿಸಿದರೆ ರೋಲೂ ಮುಂದೆ ಸರಿಯುತ್ತದೆ, ಶಟರೂ ಸಜ್ಜಾಗುತ್ತದೆ. ಹನ್ನೆರಡು ಸಲ ಹಾಗೆ ಮಾಡಿದರೆ ರೋಲು ಮುಗಿಯಿತು. ಹನ್ನೆರಡೇ ಎಂಬ ಎಚ್ಚರ ಇದ್ದುದರಿಂದಲೇ ಆ ಕಾಲದ ಮದುವೆಯ ಆಲ್ಬಮ್ಮುಗಳಲ್ಲಿ ಬೇಡದ ಚಿತ್ರ ಇರುತ್ತಿರಲಿಲ್ಲ.

ಎಲೆಕ್ಟ್ರೋ 35 ಕ್ಯಾಮೆರಾಕ್ಕೆ ಅಷ್ಟು ಹೆಸರು ಏಕೆ?

1960ರ ದಶಕದ ನಡುವಿನಲ್ಲಿ ಬಂದ ಈ ರೇಂಜ್‌ಫೈಂಡರ್ ಯಾಶಿಕಾ ಎಂಬ ಹೆಸರನ್ನು ಸ್ಟುಡಿಯೊದಿಂದ ಮನೆಗೆ ತಂದಿತು. ಬೆಳಕು ಅಳೆಯುವ ಸಣ್ಣ ಕಣ್ಣು, ಅದರ ಲೆಕ್ಕದಂತೆ ಶಟರನ್ನು ಬೇಕಾದಷ್ಟು ಹೊತ್ತು ತೆರೆದಿಡುವ ಎಲೆಕ್ಟ್ರಾನಿಕ್ ಮಂಡಲ, ಜೊತೆಗೆ 45 ಮಿಮೀ ಎಫ್ 1.7ರ ಒಳ್ಳೆಯ ಲೆನ್ಸು, ಇಷ್ಟೇ ಅದರ ಗುಟ್ಟು. ಅಪರ್ಚರನ್ನು ನೀವು ಇಡಿ, ಸಮಯವನ್ನು ಅದು ನೋಡಿಕೊಳ್ಳುತ್ತದೆ. ಆ ಸಮಯ ಸೆಕೆಂಡಿನ 500ನೇ ಒಂದು ಭಾಗದಿಂದ 30 ಸೆಕೆಂಡಿನವರೆಗೆ ಮೆಟ್ಟಿಲುಗಳಿಲ್ಲದೆ ಹರಿಯುತ್ತದೆ. ಬೆಳಕು ಹೆಚ್ಚಾದರೆ ಕೆಂಪು ದೀಪ, ಕಡಿಮೆಯಾಗಿ ಕೈ ಅಲುಗುವ ಅಪಾಯವಿದ್ದರೆ ಹಳದಿ ದೀಪ. ಮೈಮೇಲೆ ಪರಮಾಣುವಿನ ಚಿಹ್ನೆ ಬೇರೆ. ‘ಎಲೆಕ್ಟ್ರಾನಿಕ್’ ಎಂಬ ಪದಕ್ಕೆ ಆಗ ಅಷ್ಟು ಮೋಡಿಯಿತ್ತು.

ಹೆಸರಿನ ಬಾಲಾಕ್ಷರಗಳಲ್ಲಿ ‘ಜಿ’ ಇಲ್ಲಿಯೂ ಚಿನ್ನದ ಲೇಪದ್ದು, ‘ಟಿ’ ಇದ್ದರೆ ಕಪ್ಪು ಮೈ, 1973ರಲ್ಲಿ ಸೇರಿದ ‘ಎನ್’ ಇದ್ದರೆ ನೆತ್ತಿಯ ಮೇಲೆ ತಂತಿಯಿಲ್ಲದೆ ಫ್ಲ್ಯಾಶ್ ಕೂರಿಸುವ ಹಾಟ್ ಶೂ ಇದೆ ಎಂದರ್ಥ. ಗಾತ್ರ ಮಾತ್ರ ದೊಡ್ಡದು, ಜೇಬಿಗೆ ಹೋಗುವ ಕ್ಯಾಮೆರಾ ಅದಲ್ಲ.

ಎಲೆಕ್ಟ್ರೋದ ಬ್ಯಾಟರಿ ಈಗ ಸಿಗುವುದಿಲ್ಲವಲ್ಲ?

ಮೂಲದ 5.6 ವೋಲ್ಟಿನ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ, ಪಾದರಸದ ಬ್ಯಾಟರಿಗಳೇ ನಿಂತುಹೋಗಿವೆ. ಅದರ ಜಾಗದಲ್ಲಿ 6 ವೋಲ್ಟಿನ ಸಣ್ಣ ಬ್ಯಾಟರಿಯನ್ನು ಒಂದು ಅಡಾಪ್ಟರಿನೊಳಗೆ ಇಟ್ಟು ಬಳಸಬಹುದು, ವೋಲ್ಟಿನ ಆ ಸಣ್ಣ ವ್ಯತ್ಯಾಸವನ್ನು ಕ್ಯಾಮೆರಾ ಲೆಕ್ಕಿಸುವುದಿಲ್ಲ. ಬ್ಯಾಟರಿಯೇ ಇಲ್ಲದಿದ್ದರೂ ಶಟರ್ ಕೆಲಸ ಮಾಡುತ್ತದೆ, ಆದರೆ ಯಾವಾಗಲೂ 500ನೇ ಒಂದು ಭಾಗದ ವೇಗದಲ್ಲೇ. ಹೀಗಾಗಿ ಅಂಗಡಿಯಲ್ಲಿ ‘ಟಿಕ್’ ಎಂದು ಒತ್ತಿ ತೋರಿಸಿದರೆ ಕ್ಯಾಮೆರಾ ಸರಿಯಿದೆ ಎಂದುಕೊಳ್ಳಬೇಡಿ.

ಕೊಳ್ಳುವ ಮೊದಲು ಕಿವಿ ಕೊಡಬೇಕಾದ ಸದ್ದು ಇನ್ನೊಂದಿದೆ. ರೋಲು ಸುತ್ತುವ ಸನ್ನೆಕೋಲನ್ನು ಪೂರ್ತಿ ಎಳೆದು ಬಿಟ್ಟಾಗ ಒಳಗಿನಿಂದ ‘ಠಕ್’ ಎಂಬ ದಪ್ಪ ಸದ್ದು ಬರಬೇಕು. ಒಳಗಿರುವ ಒಂದು ಚೂರು ರಬ್ಬರು ವಯಸ್ಸಾಗಿ ಪುಡಿಯಾದರೆ ಆ ಸದ್ದು ನಿಲ್ಲುತ್ತದೆ. ಅದರ ಬೆನ್ನಿಗೇ ಶಟರಿನ ಲೆಕ್ಕವೂ ತಪ್ಪುತ್ತದೆ. ನಾನು ಕೊಂಡ ಮೊದಲ ಎಲೆಕ್ಟ್ರೋ ಬಲು ಮೌನಿಯಾಗಿತ್ತು. ಎಷ್ಟು ನಯವಾಗಿ ಸುತ್ತುತ್ತದೆ ಎಂದು ಮೆಚ್ಚಿ ಹಣ ಕೊಟ್ಟೆ. ಮೊದಲ ರೋಲು ತೊಳೆಸಿಕೊಂಡು ಬಂದಾಗ ಮೂವತ್ತಾರರಲ್ಲಿ ಒಂಬತ್ತು ಚಿತ್ರ ಮಾತ್ರ ಉಳಿದಿದ್ದವು.

ಯಾಶಿಕಾಕ್ಕೂ ಕಾರ್ಲ್ ಝೈಸ್‌ಗೂ ಸಂಬಂಧವಿದೆ ಎನ್ನುತ್ತಾರೆ. ನಿಜವೇ?

ನಿಜ, ಆದರೆ 1970ರ ದಶಕದಿಂದ ಮಾತ್ರ. ಝೈಸ್‌ನ ಕ್ಯಾಮೆರಾ ಸಂಸ್ಥೆ ಝೈಸ್ ಇಕಾನ್ 1970ರ ದಶಕದ ಆರಂಭದಲ್ಲಿ ಕ್ಯಾಮೆರಾ ತಯಾರಿಕೆಯಿಂದ ಹಿಂದೆ ಸರಿಯಿತು. 1932ರಿಂದ ಹೆಸರು ಮಾಡಿದ್ದ ಕಾಂಟ್ಯಾಕ್ಸ್ ಎಂಬ ಮುದ್ರೆಯೂ ಉತ್ಕೃಷ್ಟ ಲೆನ್ಸುಗಳ ವಿನ್ಯಾಸಗಳೂ ಜರ್ಮನರ ಕೈಯಲ್ಲಿದ್ದವು. ಅವಕ್ಕೆ ತಕ್ಕ ಎಲೆಕ್ಟ್ರಾನಿಕ್ ಕ್ಯಾಮೆರಾವನ್ನು ಲಾಭದಲ್ಲಿ ಮಾಡುವ ಕಾರ್ಖಾನೆ ಇರಲಿಲ್ಲ. ಎಲೆಕ್ಟ್ರೋ ಮಾಡಿ ಕೈ ಪಳಗಿಸಿಕೊಂಡಿದ್ದ ಯಾಶಿಕಾ ಅದಕ್ಕೆ ಒದಗಿತು. ಕಾರ್ಲ್ ಝೈಸ್, ಯಾಶಿಕಾ ಹಾಗೂ ಪೋರ್ಷೆಯ ವಿನ್ಯಾಸ ಸಂಸ್ಥೆ ಕೂಡಿ ‘ಪ್ರಾಜೆಕ್ಟ್ 130’ ಎಂಬ ಗುಪ್ತನಾಮದಲ್ಲಿ ಕೆಲಸ ಮಾಡಿದ ಫಲ 1975ರಲ್ಲಿ ಮಾರುಕಟ್ಟೆಗೆ ಬಂದ ಕಾಂಟ್ಯಾಕ್ಸ್ ಆರ್‌ಟಿಎಸ್.

ಇಲ್ಲಿಂದ ಮುಂದೆ ಒಂದೇ ಜೋಡಣೆ, ಎರಡು ಹೆಸರು. ದುಬಾರಿ ಒಡಲಿಗೆ ಕಾಂಟ್ಯಾಕ್ಸ್, ಅಗ್ಗದ್ದಕ್ಕೆ ಯಾಶಿಕಾ. ದುಬಾರಿ ಲೆನ್ಸಿಗೆ ಕಾರ್ಲ್ ಝೈಸ್, ಅಗ್ಗದ್ದಕ್ಕೆ ಯಾಶಿಕಾ ಎಂಎಲ್ ಇಲ್ಲವೇ ಡಿಎಸ್‌ಬಿ. ಯಾವ ಲೆನ್ಸು ಯಾವ ಒಡಲಿಗಾದರೂ ಕೂರುತ್ತದೆ. ಎಂಎಲ್ ಎಂದರೆ ಗಾಜಿನ ಮೇಲೆ ಹಲವು ಪದರಗಳ ಲೇಪವಿದೆ. ಡಿಎಸ್‌ಬಿಗೆ ಒಂದೇ ಪದರ, ಆದ್ದರಿಂದ ಎದುರು ಬಿಸಿಲಿಗೆ ಅದು ಬೇಗ ಸೋಲುತ್ತದೆ. ಝೈಸ್ ಹೆಸರಿನ ಲೆನ್ಸುಗಳಲ್ಲಿ ಮೊದಮೊದಲಿನವು ಪಶ್ಚಿಮ ಜರ್ಮನಿಯಲ್ಲಿ ತಯಾರಾದವು. ಕಾಲಕ್ರಮೇಣ ಅವುಗಳ ತಯಾರಿಕೆ ಜಪಾನಿಗೆ ಬಂದಾಗ ಆ ಕೆಲಸ ವಹಿಸಿಕೊಂಡದ್ದು ಮತ್ತೆ ಅದೇ ಟೊಮಿಯೊಕಾ. ಇದನ್ನು ಹಿಡಿದುಕೊಂಡು ‘ಯಾಶಿಕಾ ಎಂಎಲ್ ಎಂದರೆ ಹೆಸರು ಬದಲಿಸಿದ ಝೈಸ್’ ಎನ್ನುವವರಿದ್ದಾರೆ. ಕಾರ್ಖಾನೆ ಒಂದಾದ ಮಾತ್ರಕ್ಕೆ ವಿನ್ಯಾಸ ಒಂದಾಗುವುದಿಲ್ಲ. ಎಂಎಲ್ 50 ಮಿಮೀ ಲೆನ್ಸುಗಳು ತಮ್ಮಷ್ಟಕ್ಕೆ ತಾವೇ ಚೆನ್ನಾಗಿವೆ, ಅವುಗಳಿಗೆ ಎರವಲು ಕಿರೀಟ ಬೇಕಿಲ್ಲ.

ಎಫ್‌ಎಕ್ಸ್-3 ಯಾಶಿಕಾದ್ದೇ ತಯಾರಿಕೆಯೇ?

ಕಾಂಟ್ಯಾಕ್ಸ್ ಜೋಡಣೆಯ ಅಗ್ಗದ ಯಾಶಿಕಾಗಳಾದ, 1979ರಲ್ಲಿ ಬಂದ ಎಫ್‌ಎಕ್ಸ್-3 ಮತ್ತು 1986ರ ಎಫ್‌ಎಕ್ಸ್-3 ಸೂಪರ್ 2000 ಎರಡನ್ನೂ ಮಾಡಿಕೊಟ್ಟದ್ದು ಕೊಸಿನಾ. ಕೊಸಿನಾ ಎಂಬ ಹೆಸರೂ ಹೆಣೆದದ್ದೇ: ಸ್ಥಾಪಕರ ಊರು ಕೊಶಿ ಮತ್ತು ಕಾರ್ಖಾನೆಯ ಊರು ನಾಕಾನೊ ಸೇರಿ ಆದದ್ದು. ಎಫ್‌ಎಕ್ಸ್-3ರ ಶಟರ್ ಪೂರ್ತಿ ಯಾಂತ್ರಿಕ, ಬ್ಯಾಟರಿ ಬೇಕಾದದ್ದು ಬೆಳಕಿನ ಮೀಟರಿಗೆ ಮಾತ್ರ. ಮೈಗೆ ಅಂಟಿಸಿದ ಕೃತಕ ಚರ್ಮ ವರ್ಷಗಳು ಕಳೆದಂತೆ ಕರಗಿ ಕೈಗೆ ಮೆತ್ತಿಕೊಳ್ಳುವುದು ಆ ಕಾಲದ ಯಾಶಿಕಾ, ಕಾಂಟ್ಯಾಕ್ಸ್ ಎರಡಕ್ಕೂ ಇರುವ ಕಾಯಿಲೆ. ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ತೆಗೆದು ಹೊಸ ಹೊದಿಕೆ ಅಂಟಿಸಬಹುದು.

ಕ್ಯೋಸೆರಾ ಎಂಬ ಹೆಸರು ಎಲ್ಲಿಂದ ಬಂತು?

ಇನಾಮೊರಿ ಕಾಜುವೊ 1959ರಲ್ಲಿ ಕ್ಯೋಟೊದಲ್ಲಿ ಕಟ್ಟಿದ ಪಿಂಗಾಣಿ ಬಿಡಿಭಾಗಗಳ ಕಂಪನಿ ಅದು. ಕ್ಯೋಟೊ ಸೆರಾಮಿಕ್ ಎಂಬುದನ್ನು ಮೊಟಕುಮಾಡಿ ಕ್ಯೋಸೆರಾ ಎಂದಾಯಿತು. 1970ರ ದಶಕದ ಹಣದ ಮುಗ್ಗಟ್ಟಿನಿಂದ ಬಳಲಿದ್ದ ಯಾಶಿಕಾವನ್ನು ಅದು 1983ರಲ್ಲಿ ತನ್ನೊಳಗೆ ಸೇರಿಸಿಕೊಂಡಿತು. ಅಲ್ಲಿಗೆ ಯಾಶಿಕಾ ಕಂಪನಿಯಾಗಿ ಮುಗಿದು, ಹೆಸರಾಗಿ ಮಾತ್ರ ಉಳಿಯಿತು. 1987ರಲ್ಲಿ ಆಟೊಫೋಕಸ್ 230-ಎಎಫ್ ಬಂದರೂ ಅಷ್ಟರಲ್ಲಿ ಮಿನೋಲ್ಟಾ ಮುಂದೆ ಹೋಗಿಯಾಗಿತ್ತು. ಕ್ಯೋಸೆರಾ ಕಾಲದಲ್ಲಿ ಗಟ್ಟಿಯಾಗಿ ನಿಂತದ್ದು ‘ಟಿ’ ಸಾಲಿನ ಜೇಬು ಕ್ಯಾಮೆರಾಗಳು. 1990ರ ಟಿ4ರಲ್ಲಿದ್ದದ್ದು ಕಾರ್ಲ್ ಝೈಸ್ ಟೆಸ್ಸಾರ್ 35 ಮಿಮೀ ಎಫ್ 3.5 ಲೆನ್ಸು. ಹೊರದೇಶಗಳಲ್ಲಿ ಯಾಶಿಕಾ ಎಂದು ಮಾರಿದ ಅದೇ ಕ್ಯಾಮೆರಾವನ್ನು ಜಪಾನಿನಲ್ಲಿ ಕ್ಯೋಸೆರಾ ಸ್ಲಿಮ್ ಟಿ ಎಂದು ಮಾರಿದರು. ಮಾರುವಾಗ ಅದು ಮಾಮೂಲಿ ಪ್ಲಾಸ್ಟಿಕ್ ಕ್ಯಾಮೆರಾ. ಈಗ ಅದಕ್ಕೆ ಕೇಳುವ ಬೆಲೆಯನ್ನು ಸಮರ್ಥಿಸಲು ನನ್ನಿಂದಾಗದು.

ನಮ್ಮ ಮನೆಯಲ್ಲಿ ಎಂಎಫ್-2 ಇದೆ. ಅದೂ ಈ ಚರಿತ್ರೆಯ ಭಾಗವೇ?

ಖಂಡಿತ. 1980 ಮತ್ತು 90ರ ದಶಕಗಳಲ್ಲಿ ಭಾರತದ ಮಧ್ಯಮ ವರ್ಗಕ್ಕೆ ಯಾಶಿಕಾ ಎಂದರೆ ಇದೇ. ಫೋಕಸ್ ಮಾಡುವ ಗೊಡವೆಯಿಲ್ಲ, ಫ್ಲ್ಯಾಶ್ ಒಳಗೇ ಇದೆ, ಪೆನ್ಸಿಲ್ ಸೆಲ್ಲು ಎರಡು ಹಾಕಿದರೆ ಆಯಿತು. ಆಮದಿನ ಮೇಲೆ ಬಿಗಿ ಇದ್ದ ಆ ಕಾಲದಲ್ಲಿ ಕರಾವಳಿಯ ಎಷ್ಟೋ ಮನೆಗಳಿಗೆ ಇಂಥ ಕ್ಯಾಮೆರಾಗಳು ಕೊಲ್ಲಿ ದೇಶಗಳಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ, ಸೆಂಟಿನ ಬಾಟಲಿ ಮತ್ತು ಟೇಪ್ ರೆಕಾರ್ಡರಿನ ನಡುವೆ ಕುಳಿತು ಬಂದವು. ಸಂಗ್ರಾಹಕರು ಅದನ್ನು ಕಡೆಗಣಿಸುತ್ತಾರೆ. ಆದರೆ ನಾಮಕರಣ, ಶಾಲೆಯ ಪ್ರವಾಸ, ಹೊಸ ಸ್ಕೂಟರಿನ ಪೂಜೆ ಇವುಗಳ ಚಿತ್ರ ತೆಗೆದದ್ದು ಅದೇ.

ಕರಾವಳಿ, ಮಲೆನಾಡಿನಲ್ಲಿ ಹಳೆಯ ಲೆನ್ಸಿನೊಳಗೆ ಬೂಷ್ಟು ಏಕೆ ಕಾಣಿಸಿಕೊಳ್ಳುತ್ತದೆ?

ತೇವ, ಕತ್ತಲೆ, ಗಾಳಿಯಾಡದ ಚರ್ಮದ ಚೀಲ, ಈ ಮೂರೂ ಕೂಡಿದರೆ ಒಂದು ಮಳೆಗಾಲ ಸಾಕು. ಕ್ಯಾಮೆರಾದ ಹಿಂಬಾಗಿಲು ತೆರೆದು, ಶಟರನ್ನು ‘ಬಿ’ಯಲ್ಲಿ (ಒತ್ತಿರುವಷ್ಟು ಹೊತ್ತು ತೆರೆದಿರುವ ಗುರುತಿನಲ್ಲಿ) ಒತ್ತಿ ಹಿಡಿದು, ಎದುರಿನಿಂದ ಟಾರ್ಚ್ ಹಾಯಿಸಿದರೆ ಗಾಜಿನ ಅಂಚಿನಿಂದ ನಡುವಿಗೆ ಜೇಡನ ಬಲೆಯಂತೆ ಕವಲೊಡೆದ ಬಿಳಿ ಎಳೆಗಳು ಕಾಣುತ್ತವೆ. ಎಳೆ ಹೊಸದಾಗಿದ್ದರೆ ಬಿಚ್ಚಿ ಒರೆಸಿದಾಗ ಹೋಗುತ್ತದೆ, ಹಳೆಯದಾದರೆ ಲೇಪವನ್ನೇ ತಿಂದು ಕಲೆ ಉಳಿಸುತ್ತದೆ. ಮೂಲದ ಚರ್ಮದ ಚೀಲ ಎಷ್ಟೇ ಚಂದವಿದ್ದರೂ ಕ್ಯಾಮೆರಾವನ್ನು ಅದರಲ್ಲಿ ಇಡಬೇಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ತಿಂಗಳಿಗೊಮ್ಮೆ ಹೊರತೆಗೆದು ಬೆಳಕು ತೋರಿಸಿ.

ಯಾಶಿಕಾ ಈಗಲೂ ಇದೆಯೇ?

ಕ್ಯೋಸೆರಾ 2005ರಲ್ಲಿ ಕ್ಯಾಮೆರಾ ತಯಾರಿಕೆಯಿಂದ ಕೈತೊಳೆದುಕೊಂಡಿತು. 2008ರಲ್ಲಿ ಯಾಶಿಕಾ ಎಂಬ ಮುದ್ರೆಯ ಹಕ್ಕನ್ನು ಹಾಂಗ್‌ಕಾಂಗಿನ ಎಂಎಫ್ ಜೆಬ್ಸೆನ್ ಸಮೂಹ ಕೊಂಡಿತು. ಸುವಾದ ಕಾರ್ಖಾನೆಯಾಗಲಿ ಓಮೆಯ ಲೆನ್ಸಾಗಲಿ ಆ ಮಾರಾಟದಲ್ಲಿ ಇರಲಿಲ್ಲ. 2017ರಲ್ಲಿ ಸಾರ್ವಜನಿಕರಿಂದ ಮುಂಗಡ ಹಣ ಪಡೆದು ವೈ35 ಎಂಬ ಡಿಜಿಟಲ್ ಕ್ಯಾಮೆರಾ ಹೊರತಂದರು. ನೋಡಲು ಎಲೆಕ್ಟ್ರೋ 35ರ ತಮ್ಮನಂತಿದ್ದ ಅದರೊಳಗೆ ರೋಲಿನ ಆಕಾರದ ಡಬ್ಬಿ ಹಾಕಿದರೆ ಚಿತ್ರದ ಬಣ್ಣ, ಸ್ವರೂಪ ಬದಲಾಗುತ್ತಿತ್ತು. ಸುತ್ತುವ ಸನ್ನೆಕೋಲನ್ನು ಎಳೆಯದೆ ಮುಂದಿನ ಚಿತ್ರ ತೆಗೆಯಲಾಗುತ್ತಿರಲಿಲ್ಲ. ಬಳಸಿ ನೋಡಿದ ವಿಮರ್ಶಕರು ಅದನ್ನು ಆಟಿಕೆ ಎಂದು ತಳ್ಳಿಹಾಕಿದರು. ಆಮೇಲೆ ಎಂಎಫ್-1 ಎಂಬ ಹಳೆಯ ಹೆಸರನ್ನೇ ಮತ್ತೆ ಹಚ್ಚಿ ಹೊಸದೊಂದು ಪ್ಲಾಸ್ಟಿಕ್ ರೋಲ್ ಕ್ಯಾಮೆರಾ ಕೂಡ ಬಂತು. ಹಳೆಯ ವಸ್ತು ಕೊಳ್ಳುವವರು ಹೆಸರಿನ ಜೊತೆಗೆ ಎಲ್ಲಿ ತಯಾರಾಯಿತು ಎಂಬ ಅಚ್ಚನ್ನೂ ಓದಿಕೊಳ್ಳಬೇಕಾಗಿ ಬಂದಿರುವುದು ಇದರಿಂದಲೇ.

ನನ್ನಲ್ಲಿರುವ ಯಾಶಿಕಾ ಎಸ್‌ಎಲ್‌ಆರ್‌ಗೆ (ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾಕ್ಕೆ) ಬೇರೆ ಹೆಸರಿನ ಲೆನ್ಸು ಹಾಕಬಹುದೇ?

ಲೆನ್ಸನ್ನು ಹಲವು ಸುತ್ತು ತಿರುಪಿನಂತೆ ತಿರುಗಿಸಿ ತೆಗೆಯಬೇಕಾದರೆ ಅದು ಎಂ42 ಜೋಡಣೆ. ಟಿಎಲ್ ಸಾಲಿನ ಕ್ಯಾಮೆರಾಗಳು ಈ ಗುಂಪಿನವು. ಪೆಂಟ್ಯಾಕ್ಸ್‌ನ ಹಳೆಯ ಟಾಕುಮಾರ್, ರಷ್ಯಾದ ಹೆಲಿಯೊಸ್, ಪೂರ್ವ ಜರ್ಮನಿಯ ಪೆಂಟಾಕಾನ್ ಎಲ್ಲವೂ ಅದಕ್ಕೆ ಕೂರುತ್ತವೆ. ಗುಂಡಿ ಒತ್ತಿ ಸ್ವಲ್ಪವೇ ತಿರುಗಿಸಿದರೆ ಲೆನ್ಸು ಕಳಚುವುದಾದರೆ, ಎಫ್‌ಎಕ್ಸ್ ಅಥವಾ ಎಫ್‌ಆರ್ ಸಾಲಿನದಾದರೆ, ಅದು ಕಾಂಟ್ಯಾಕ್ಸ್ ಜೊತೆ ಹಂಚಿಕೊಂಡ ಜೋಡಣೆ. ಯಾಶಿಕಾ ಎಂಎಲ್, ಡಿಎಸ್‌ಬಿ, ಕಾರ್ಲ್ ಝೈಸ್ ಮೂರನ್ನೂ ಹಾಕಬಹುದು. 1960ರ ಪೆಂಟಾಮ್ಯಾಟಿಕ್ ನಿಮ್ಮಲ್ಲಿದ್ದರೆ ಮಾತ್ರ ಅದರ ಜೋಡಣೆ ಬೇರೆಯದೇ, ಯಾಶಿಕಾದ ಮುಂದಿನ ಕ್ಯಾಮೆರಾಗಳೇ ಅದನ್ನು ಕೈಬಿಟ್ಟವು. ಅದರ ಜೊತೆ ಬಂದ ಲೆನ್ಸನ್ನು ಕಳೆದುಕೊಳ್ಳಬೇಡಿ.